ಸೊರಗು ರೋಗದ ದುಂಡಾಣು: ಕುಲಗೋತ್ರ ತಿಳಿದು ಬೆಳೆ ಬದಲಿಸಿ

ನಿನ್ನೆ ಸಂಜೆ ಹಸಿರಾಗಿ ನಿಂತಿದ್ದ ಟೊಮೆಟೊ ಗಿಡ ಇಂದು ಮಧ್ಯಾಹ್ನ ಜೋತು ಬೀಳುತ್ತದೆ. ಎಲೆ ಹಳದಿಯಾಗಿರುವುದಿಲ್ಲ, ನೀರು ಹಾಯಿಸಿದರೂ ಗಿಡ ಚೇತರಿಸುವುದಿಲ್ಲ. ಇದೇ ದುಂಡಾಣು ಸೊರಗು ರೋಗ. ಆಲೂಗೆಡ್ಡೆ, ಬದನೆ, ಮೆಣಸಿನಕಾಯಿ ಮತ್ತು ಶುಂಠಿ ಬೆಳೆಗಾರರಿಗೂ ಇದರ ಪರಿಚಯವುಂಟು. ಈ ರೋಗಾಣುವಿನ ಬಳಗವನ್ನು ಅರಿತರೆ ಮುಂದೆ ಯಾವ ಬೆಳೆ ಇಡಬೇಕು, ಯಾವುದನ್ನು ಇಡಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಹೆಸರು ಬದಲಾದ ಬಗೆ

1896ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿನ್ ಸ್ಮಿತ್ ಇದಕ್ಕೆ ಬ್ಯಾಸಿಲಸ್ ಸೊಲನೇಸಿಯಾರಮ್ ಎಂದು ಹೆಸರಿಟ್ಟರು. ಅನಂತರ ಇದನ್ನು ಸೂಡೊಮೋನಾಸ್ ಕುಲಕ್ಕೆ ಸೇರಿಸಲಾಯಿತು. ಹಳೆಯ ಪುಸ್ತಕಗಳಲ್ಲಿ ಕಾಣುವುದು ಈ ಹೆಸರೇ. 1992ರಲ್ಲಿ ಬರ್ಕ್‌ಹೋಲ್ಡೇರಿಯ ಎಂದೂ 1995ರಲ್ಲಿ ರಾಲ್‌ಸ್ಟೋನಿಯ ಎಂದೂ ಕುಲದ ಹೆಸರು ಬದಲಾಯಿತು. ಕುಟುಂಬ ಬರ್ಕ್‌ಹೋಲ್ಡೇರಿಯೇಸಿ. ಹೆಸರು ಹಲವಾದರೂ ಗಿಡ ಕೊಲ್ಲುವ ರೀತಿ ಒಂದೇ. ಬೇರಿನ ಗಾಯದ ಮೂಲಕ ಒಳಹೊಕ್ಕು, ನೀರು ಸಾಗಿಸುವ ನಾಳಗಳಲ್ಲಿ ಬೆಳೆದು, ಅಂಟಿನಿಂದ ಅವುಗಳನ್ನು ಕಟ್ಟಿಬಿಡುತ್ತದೆ.

ಎರಡು ಬಗೆಯ ವಿಂಗಡಣೆ

ಹಿಂದೆ ವಿಜ್ಞಾನಿಗಳು ಬೆಳೆಯನ್ನು ನೋಡಿ ಇದನ್ನು 5 ಪಂಗಡಗಳಾಗಿ ವಿಂಗಡಿಸಿದ್ದರು:

1. ಟೊಮೆಟೊ, ಬದನೆ, ತಂಬಾಕು, ನೆಲಗಡಲೆ ಮುಂತಾದ ಹಲವು ಬೆಳೆ
2. ಬಾಳೆ
3. ಮುಖ್ಯವಾಗಿ ಆಲೂಗೆಡ್ಡೆ
4. ಶುಂಠಿ
5. ಹಿಪ್ಪುನೇರಳೆ

ಆದರೆ ಈ ಪಂಗಡಗಳ ನಡುವೆ ಗೋಡೆಯೇನೂ ಇಲ್ಲ. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ 4 ಕವಲುಗಳು ಕಂಡುಬಂದವು. 2014ರಲ್ಲಿ ಅವನ್ನು 3 ಪ್ರಭೇದಗಳಾಗಿ ಬೇರ್ಪಡಿಸಲಾಯಿತು. ನಮ್ಮ ದೇಶದ ಟೊಮೆಟೊ, ಬದನೆ ಮತ್ತು ಶುಂಠಿಯ ದುಂಡಾಣುಗಳು ಹೆಚ್ಚಾಗಿ ಒಂದೇ ಏಷ್ಯಾ ಕವಲಿಗೆ ಸೇರಿದವು. ಆದ್ದರಿಂದ ಟೊಮೆಟೊ ಸೊರಗಿದ ಹೊಲಕ್ಕೆ ಶುಂಠಿ ಹಾಕಿ "ಬೆಳೆ ಬದಲಿಸಿದೆ" ಎಂದು ನೆಮ್ಮದಿಯಿಂದ ಇರುವಂತಿಲ್ಲ.

ಪತ್ತೆ ಹಚ್ಚುವುದು ಹೇಗೆ?

ಸೊರಗಿದ ಗಿಡದ ಬುಡದಿಂದ 2–3 ಅಂಗುಲ ಕಾಂಡ ಕತ್ತರಿಸಿ, ತುದಿ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವಿನ ಗುರುತು. ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಿ ಹೀಗಾಗುವುದಿಲ್ಲ. ಎಳೆ ಇಳಿದ ಮೇಲೆ ಶಿಲೀಂಧ್ರನಾಶಕಕ್ಕೆ ಹಣ ಸುರಿಯಬೇಡಿ, ಅದರಿಂದ ಫಲವಿಲ್ಲ.

ಹತೋಟಿ ಕ್ರಮಗಳು

1. ರೋಗ ಕಂಡ ಹೊಲದಲ್ಲಿ 2–3 ವರ್ಷ ರಾಗಿ, ಮುಸುಕಿನ ಜೋಳ ಅಥವಾ ಭತ್ತ ಬೆಳೆಯಿರಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ, ನೆಲಗಡಲೆ, ಶುಂಠಿ ಬೇಡ.
2. ಬಿತ್ತನೆಯ ಆಲೂಗೆಡ್ಡೆ ಮತ್ತು ಶುಂಠಿಯನ್ನು ರೋಗವಿಲ್ಲದ ತಾಕಿನಿಂದಲೇ ಆರಿಸಿ. ಗೆಡ್ಡೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ರೋಗಾಣು ಇರಬಹುದು.
3. ಸೊರಗಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ರೋಗವಿರುವ ತಾಕಿನ ನೀರು ಪಕ್ಕದ ತಾಕಿಗೆ ಹರಿಯದಿರಲಿ. ಕುಡುಗೋಲು, ಗುದ್ದಲಿಗಳನ್ನು ತೊಳೆದು ಬಳಸಿ.
4. ಟೊಮೆಟೊದಲ್ಲಿ ಅರ್ಕಾ ರಕ್ಷಕ್, ಅರ್ಕಾ ಆಭಾ ಮುಂತಾದ ನಿರೋಧಕ ತಳಿಗಳನ್ನು ಆರಿಸಿ.

ಮುಂದಿನ ಹಂಗಾಮಿಗೆ ಬೀಜ ತರುವ ಮೊದಲು, ಆ ತಾಕಿನಲ್ಲಿ ಹಿಂದಿನ ವರ್ಷ ಯಾವ ಬೆಳೆ ಸೊರಗಿತ್ತೆಂದು ಒಮ್ಮೆ ನೆನಪು ಮಾಡಿಕೊಳ್ಳಿ.