ಡೀಸೆಲ್ ಇಂಜಿನಿಗೆ ಎಣ್ಣೆ: ಹೆಸರಿಗಿಂತ ಗುರುತು ನೋಡಿರಿ



ಚಕ್ಕಡಿ ಹೂಡುವ ಮೊದಲು ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕುವದನ್ನು ನಮ್ಮ ಹಿರಿಯರು ಮರೆಯುತ್ತಿರಲಿಲ್ಲ. ಒಣಗಿದ ಅಚ್ಚು ತಾನೂ ಸವೆಯುತ್ತದೆ, ಎತ್ತನ್ನೂ ದಣಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇಂದು ನಮ್ಮ ಹೊಲಗಳನ್ನು ಟ್ರ್ಯಾಕ್ಟರು ಉಳುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿಯನ್ನೂ ಹುಬ್ಬಳ್ಳಿಗೆ ಹತ್ತಿಯನ್ನೂ ಲಾರಿ ಒಯ್ಯುತ್ತದೆ. ಎತ್ತಿನ ಜಾಗಕ್ಕೆ ಇಂಜಿನ್ ಬಂದರೂ ಎಣ್ಣೆಯ ಅವಶ್ಯಕತೆ ಮಾತ್ರ ತಪ್ಪಲಿಲ್ಲ.

ಸಾಲ ಮಾಡಿ ಕೊಂಡ ಟ್ರ್ಯಾಕ್ಟರು ಬಿತ್ತಿಗೆಯ ದಿನಗಳಲ್ಲಿ ಕೆಟ್ಟು ನಿಂತರೆ ಹೊಲದ ಹದ ಆರಿಹೋಗುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವದಿಲ್ಲ. ಇಂಜಿನ್ ಬೋರಿಗೆ ಬಂದರೆ ಅದನ್ನು ಬಿಚ್ಚಿ ಕಟ್ಟಿಸುವ ಖರ್ಚು ಒಂದು ಸುಗ್ಗಿಯ ಲಾಭವನ್ನು ನುಂಗಬಹುದು. ಆದ್ದರಿಂದ ಎಣ್ಣೆ ಆರಿಸುವದು ಅಂಗಡಿಯವನಿಗೆ ಬಿಟ್ಟುಬಿಡುವ ಕೆಲಸವಲ್ಲ. ನೀವೇ ಕಲಿಯಿರಿ; ಇದು ಕಠಿಣವಲ್ಲ.

ಎಣ್ಣೆಯ ಕೆಲಸವೇನು?

ಡೀಸೆಲ್ ಇಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತುತ್ತದೆ. ಒತ್ತಿದ ಗಾಳಿ ಕಾದು ಕೆಂಡದಂತಾಗುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಉರಿಯುತ್ತದೆ. ಇಂಥ ಒತ್ತಡದಲ್ಲಿ ಎಣ್ಣೆ ಐದು ಕೆಲಸ ಮಾಡಬೇಕು: ತಿಕ್ಕಾಟ ತಗ್ಗಿಸಬೇಕು, ಕಾವು ಹೊರಬೇಕು, ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಪಿಸ್ಟನ್ನಿನ ಸಂದು ಮುಚ್ಚಬೇಕು, ತುಕ್ಕು ಹಿಡಿಯದಂತೆ ಕಾಯಬೇಕು. ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾದರೆ ಗಾಬರಿ ಬೇಡ. ಅದು ಮಸಿ ತೊಳೆಯುತ್ತಿದೆ ಎಂದು ತಿಳಿಯಿರಿ.

ಡಬ್ಬಿಯ ಮೇಲಿನ ಎರಡು ಗುರುತುಗಳು

ಮೊದಲನೆಯದು ದಪ್ಪದ ಗುರುತು. ‘ಎಸ್‌ಎಇ 15ಡಬ್ಲ್ಯು-40’ ಎಂದು ಬರೆದಿರುತ್ತದೆ. ಬೆಲ್ಲದ ಪಾಕವನ್ನು ನೆನೆಯಿರಿ. ಒಲೆಯ ಮೇಲೆ ಅದು ನೀರಿನಂತೆ ಹರಿಯುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಎಣ್ಣೆಯೂ ಹಾಗೆಯೇ. ಮುಂದಿನ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುವದೆಂದು ತಿಳಿಸುತ್ತದೆ. ಅದು ಚಿಕ್ಕದಿದ್ದಷ್ಟೂ ಚಳಿಗೆ ಒಳ್ಳೆಯದು. ಹಿಂದಿನ ಅಂಕಿ ಇಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುವದೆಂದು ತಿಳಿಸುತ್ತದೆ. ನಮ್ಮ ಸೀಮೆಯಲ್ಲಿ ಹಿಮ ಬೀಳುವ ಚಳಿಯಿಲ್ಲ. ಆದ್ದರಿಂದ ಬಹಳಷ್ಟು ಡೀಸೆಲ್ ಇಂಜಿನುಗಳಿಗೆ 15ಡಬ್ಲ್ಯು-40 ಸಾಕು. ಹಳೆಯ ಮಾದರಿಗಳಿಗೆ 20ಡಬ್ಲ್ಯು-40 ಹೇಳಿರುವದೂ ಉಂಟು. ದಪ್ಪ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಕೂಡದು. ಅತಿ ದಪ್ಪ ಎಣ್ಣೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬೇರಿಂಗನ್ನು ಬೇಗ ಮುಟ್ಟುವದಿಲ್ಲ.

ಎರಡನೆಯದು ಗುಣದ ಗುರುತು. ‘ಎಪಿಐ’ ಎಂಬ ಅಕ್ಷರಗಳ ಮುಂದೆ ಇದನ್ನು ನೋಡಿರಿ. ‘ಸಿ’ಯಿಂದ ಆರಂಭವಾದರೆ ಡೀಸೆಲ್ ಇಂಜಿನಿಗೆ, ‘ಎಸ್’ನಿಂದ ಆರಂಭವಾದರೆ ಪೆಟ್ರೋಲ್ ಇಂಜಿನಿಗೆ. ಬರಿಯ ‘ಎಸ್’ ಇರುವ ಮೋಟಾರು ಸೈಕಲ್ಲಿನ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಸುರಿಯಬೇಡಿರಿ. ಡೀಸೆಲ್ ಗುರುತುಗಳಲ್ಲಿ ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಕೆ-4 2016ರಲ್ಲಿ ಬಂದವು. ಅಕ್ಷರ ಮುಂದೆ ಹೋದಂತೆ ಮಸಿ ಮತ್ತು ಕಾವನ್ನು ತಡೆಯುವ ಶಕ್ತಿ ಹೆಚ್ಚಿದೆ.

ಈ ಗುರುತುಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಓದಲು ತೊಡಕಾದರೆ ಹೈಸ್ಕೂಲಿಗೆ ಹೋಗುವ ನಿಮ್ಮ ಮಗಳನ್ನೋ ಮಗನನ್ನೋ ಕೂಡ್ರಿಸಿಕೊಂಡು, ಗಾಡಿಯೊಂದಿಗೆ ಬಂದ ಪುಸ್ತಕದಿಂದ ಒಂದು ಚೀಟಿಯ ಮೇಲೆ ಬರೆಯಿಸಿರಿ. ಅಂಗಡಿಗೆ ಹೋಗುವಾಗ ಆ ಚೀಟಿ ಕಿಸೆಯಲ್ಲಿರಲಿ.

ಹೊಸ ಲಾರಿಯವರು ಗಮನಿಸಿರಿ

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ನಿಯಮ ಜಾರಿಗೆ ಬಂದಿದೆ. ಈ ನಿಯಮದ ದೊಡ್ಡ ಡೀಸೆಲ್ ಲಾರಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಇಂಜಿನ್ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಉರಿದಾಗ ಉಳಿಯುವ ಬೂದಿ ಈ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಇವಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು: ಸಿಕೆ-4 ಅಥವಾ ಗಾಡಿಯ ಕಂಪನಿ ಹೇಳಿದ್ದು. ಹಳೆಯ ಲಾರಿಗೆ ಹಾಕುವ ಡಬ್ಬಿಯನ್ನೇ ಹೊಸದಕ್ಕೂ ಸುರಿದರೆ ಬೆಲೆಯುಳ್ಳ ಫಿಲ್ಟರು ಕಟ್ಟಿಹೋಗಬಹುದು.

ಯಾವ ಕಂಪನಿಯದು ಒಳ್ಳೆಯದು?

ಎಲ್ಲರೂ ಕೇಳುವ ಪ್ರಶ್ನೆ ಇದು. ಇಂಡಿಯನ್ ಆಯಿಲ್‌ನ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್, ಶೆಲ್, ವಾಲ್ವೋಲಿನ್ ಹೀಗೆ ಹಲವು ಹೆಸರುಗಳು ಪೇಟೆಯಲ್ಲಿವೆ. ಕ್ಯಾಸ್ಟ್ರಾಲ್ ಎಂಬ ಹೆಸರು ನಮ್ಮ ಔಡಲದ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿತು. ಆಗಿನ ಆ ಎಣ್ಣೆಯಲ್ಲಿ ಔಡಲೆಣ್ಣೆ ಬೆರೆಸುತ್ತಿದ್ದರು. ಇಂಥ ಪ್ರತಿಯೊಂದು ಕಂಪನಿಯೂ ಅಗ್ಗದ ಎಣ್ಣೆಯನ್ನೂ ಮೇಲ್ದರ್ಜೆಯ ಎಣ್ಣೆಯನ್ನೂ ಮಾರುತ್ತದೆ. ಒಂದು ಕಂಪನಿಯ ಕೆಳದರ್ಜೆಯ ಡಬ್ಬಿಗಿಂತ ಇನ್ನೊಂದರ ಮೇಲ್ದರ್ಜೆಯ ಡಬ್ಬಿ ಉತ್ತಮವಿರಬಹುದು. ಆದ್ದರಿಂದ ಮೊದಲು ಪುಸ್ತಕದ ಗುರುತಿಗೆ ಹೊಂದುವವನ್ನು ಬೇರೆ ಮಾಡಿರಿ. ಆಮೇಲೆ ಅವುಗಳಲ್ಲಿ ಬೆಲೆ ನೋಡಿರಿ, ಅಸಲಿ ಮಾಲು ಎಲ್ಲಿ ಸಿಗುವದೆಂದು ನೋಡಿರಿ.

ಒಂದು ಲೆಕ್ಕ ಮಾಡಿ ನೋಡೋಣ. ಟ್ರ್ಯಾಕ್ಟರಿಗೆ 8 ಲೀಟರ್ ಹಿಡಿಯುವದೆನ್ನಿರಿ. ಗುರುತಿಲ್ಲದ ಎಣ್ಣೆಯಿಂದ ಲೀಟರಿಗೆ 100 ರೂಪಾಯಿ ಉಳಿದರೂ ಒಟ್ಟು ಉಳಿತಾಯ 800 ರೂಪಾಯಿ. ಅಷ್ಟಕ್ಕಾಗಿ ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಪಣಕ್ಕಿಡುವದು ಜಾಣತನವೇ?

ಕೊಳ್ಳುವಾಗ

1. ಮುಚ್ಚಳದ ಸೀಲು ಒಡೆದಿರಬಾರದು. ತಯಾರಾದ ತಿಂಗಳು, ಬ್ಯಾಚ್ ನಂಬರು, ಬೆಲೆ ಸ್ಪಷ್ಟವಾಗಿರಬೇಕು.

2. ಪೀಪಾಯಿಯಿಂದ ಬಿಡಿಯಾಗಿ ಅಳೆದು ಕೊಡುವ ಎಣ್ಣೆ ಬೇಡ. ಬಿಲ್ಲು ಕೇಳಿ ಪಡೆಯಿರಿ.

3. ಬರಿದಾದ ಡಬ್ಬಿಯನ್ನು ತೂತು ಮಾಡಿ ಬಿಸಾಡಿರಿ. ಇಲ್ಲವಾದರೆ ಅದರಲ್ಲೇ ಕಳಪೆ ಎಣ್ಣೆ ತುಂಬಿ ಮತ್ತೊಬ್ಬ ರೈತನಿಗೆ ಮಾರುವವರಿದ್ದಾರೆ.

ಹಾಕಿದ ಮೇಲೆ

ಎಣ್ಣೆ ಬದಲಿಸುವ ಕಾಲವನ್ನು ಟ್ರ್ಯಾಕ್ಟರಿನ ಗಂಟೆ ಮೀಟರಿನಿಂದ, ಲಾರಿಯ ಕಿಲೋಮೀಟರಿನಿಂದ ಲೆಕ್ಕ ಹಾಕಿರಿ. ಎಷ್ಟಕ್ಕೊಮ್ಮೆ ಎಂಬುದು ಪುಸ್ತಕದಲ್ಲಿದೆ. ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಿಸಿರಿ. ಹಳೆಯ ಫಿಲ್ಟರಿನಲ್ಲಿ ಹೊಸ ಎಣ್ಣೆಯೆಂದರೆ ತೊಳೆಯದ ಕೊಡದಲ್ಲಿ ಹೊಸ ನೀರು ತುಂಬಿದಂತೆ.

ಪ್ರತಿದಿನ ಬೆಳಿಗ್ಗೆ ಗಾಡಿ ಸಮನೆಲದ ಮೇಲಿರುವಾಗ, ಇಂಜಿನ್ ಶುರು ಮಾಡುವ ಮೊದಲು ಕಡ್ಡಿ ತೆಗೆದು ನೋಡಿರಿ. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ದಾಟಬಾರದು. ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆ. ಹಾಕದಿದ್ದರೂ ಮಟ್ಟ ಏರಿದ್ದರೆ ಡೀಸೆಲ್ ಅಥವಾ ನೀರು ಸೇರಿರಬಹುದು. ಇಂಥಲ್ಲಿ ಗಾಡಿ ನಡೆಸದೆ ಮೆಕ್ಯಾನಿಕನನ್ನು ಕರೆಯಿರಿ. ದಾರಿಯಲ್ಲಿ ಎಣ್ಣೆ ಕಡಿಮೆಯಾಗಿ ನಿಮ್ಮ ಕಂಪನಿಯದು ಸಿಗದಿದ್ದರೆ, ಅದೇ ಎರಡು ಗುರುತುಗಳಿರುವ ಬೇರೆ ಕಂಪನಿಯದನ್ನು ಸೇರಿಸಬಹುದು. ಕಡಿಮೆ ಎಣ್ಣೆಯಲ್ಲಿ ಓಡಿಸುವದಕ್ಕಿಂತ ಅದು ಮೇಲು. ಟರ್ಬೋ ಇರುವ ಇಂಜಿನನ್ನು ಭಾರ ಎಳೆದ ಕೂಡಲೆ ಬಂದ್ ಮಾಡದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಿರಿ.

ಬಸಿದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ಬಳಿ, ಹೊಲದ ಬದುವಿಗೆ ಚೆಲ್ಲಬೇಡಿರಿ. ನೀರೂ ನೆಲವೂ ಕೆಡುತ್ತವೆ. ಉಣ್ಣೆಗೆ ಮದ್ದೆಂದು ದನದ ಮೈಗೆ ಹಚ್ಚುವದೂ ತಪ್ಪು. ನಮ್ಮ ಚರ್ಮಕ್ಕೂ ಅದು ಮತ್ತೆ ಮತ್ತೆ ತಗಲಿದರೆ ಕ್ಯಾನ್ಸರಿನ ಭಯವಿದೆ. ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಆ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು, ಅದನ್ನು ಶುದ್ಧಿಗೆ ಕಳಿಸುವ ಗ್ಯಾರೇಜಿಗೆ ಕೊಡಿರಿ.

ಮನನಕ್ಕೆ ಪ್ರಶ್ನೆಗಳು

ನಿಮ್ಮ ಗಾಡಿಯ ಪುಸ್ತಕ ಎಲ್ಲಿದೆ? ಅದರಲ್ಲಿ ಹೇಳಿದ ಎರಡು ಗುರುತುಗಳು ಯಾವುವು? ಕಳೆದ ಸಲ ಎಣ್ಣೆ ಬದಲಿಸಿದಾಗ ಮೀಟರು ಎಷ್ಟಿತ್ತು?

ಮೂರಕ್ಕೂ ಉತ್ತರ ಗೊತ್ತಿದ್ದರೆ ನೀವು ಈ ಪಾಠದಲ್ಲಿ ಪಾಸಾದಿರಿ. ಗೊತ್ತಿಲ್ಲದಿದ್ದರೆ ಇಂದು ಸಂಜೆಯೇ ಪುಸ್ತಕ ಹುಡುಕಿರಿ. ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.