ಮನೆಯ ಸೂರುನೀರು ಹಾಗೂ ದೋಣಿಗಳ ದುರಸ್ತಿ

ಹೊಲದಲ್ಲಿ ಬಿದ್ದ ಮಳೆಗೆ ಒಡ್ಡು ಹಾಕುವ ಒಕ್ಕಲಿಗನು ಮನೆಯ ಮೇಲೆ ಬಿದ್ದ ಮಳೆಯನ್ನು ಸಾಮಾನ್ಯವಾಗಿ ಅಲಕ್ಷಿಸುತ್ತಾನೆ. ಸೂರಿನಿಂದ ಸುರಿದ ಆ ನೀರೇ ಗೋಡೆಯ ಬುಡವನ್ನು ಸೇರಿ ಮನೆಯನ್ನು ಕೆಡಿಸುವದು. ತಿಪ್ಪೆಯನ್ನು ಸೇರಿ ಗೊಬ್ಬರದ ಸತ್ವವನ್ನು ತೊಳೆದೊಯ್ಯುವದು.

ಸೀಮೆಯ ಲಕ್ಷಣ.— ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ ಮಳೆಯು ಎಲ್ಲ ಕಡೆಗೂ ಸಮನಾಗಿಲ್ಲ. ಸಹ್ಯಾದ್ರಿಗೆ ಸಮೀಪವಾದ ನಿಪ್ಪಾಣಿಯ ಕಡೆಗೆ ಹೆಚ್ಚು. ಚಿಕ್ಕೋಡಿ, ರಾಯಬಾಗಗಳನ್ನು ದಾಟಿ ಕಾಗವಾಡ, ಅಥಣಿಗಳತ್ತ ಸಾಗಿದಂತೆ ಕಡಿಮೆ. ಆದರೆ ಮಳೆ ಕಡಿಮೆಯೆಂದು ಅಥಣಿಯವರು ನಿಶ್ಚಿಂತರಾಗಿರಕೂಡದು. ಎರೆಮಣ್ಣು ನೀರುಂಡಾಗ ಉಬ್ಬುವದು, ಒಣಗಿದಾಗ ಕುಗ್ಗಿ ಬಿರಿಯುವದು. ಮನೆಯ ಒಂದೇ ಮಗ್ಗುಲು ತೊಯ್ದರೆ ಅಲ್ಲಿಯ ಅಡಿಪಾಯವು ಮೇಲಕ್ಕೆದ್ದು ಗೋಡೆಯು ಸೀಳುವದು. 2019ನೆಯ ಇಸವಿಯ ಕೃಷ್ಣೆಯ ಮಹಾಪೂರದಲ್ಲಿ ತೊಯ್ದ ಮಣ್ಣಿನ ಗೋಡೆಗಳು ಕುಸಿದದ್ದನ್ನು ಈ ಸೀಮೆಯ ಜನರು ಕಂಡಿದ್ದಾರೆ. ಪೂರವನ್ನು ಒಬ್ಬ ಒಕ್ಕಲಿಗನು ತಡೆಯಲಾರನು; ಸೂರಿನ ನೀರನ್ನು ತಡೆಯಬಲ್ಲನು.

ನೀರಿನ ಲೆಕ್ಕ.— ಒಂದು ಚದರ ಮೀಟರು ಜಾಗದ ಮೇಲೆ 1 ಮಿಲಿಮೀಟರು ಮಳೆಯಾದರೆ 1 ಲೀಟರು ನೀರಾಗುವದು. 10 ಮೀಟರು ಉದ್ದ, 6 ಮೀಟರು ಅಗಲವಾದ ಹೆಂಚಿನ ಮನೆಯ ಮೇಲೆ 25 ಮಿಲಿಮೀಟರು ಮಳೆಯು ಬಿದ್ದರೆ 1,500 ಲೀಟರು ನೀರು ಇಳಿಯುವದು; ಅಂದರೆ ಒಂದೊಂದು ಸೂರಿಗೆ 750 ಲೀಟರು.

ಪರೀಕ್ಷೆ.— ತುಕ್ಕು ಹಿಡಿದು ತೂತು ಬಿದ್ದ, ನಡುವೆ ಜೋತು ಬಿದ್ದು ನೀರು ನಿಲ್ಲುವ, ಕೂಡುಗಳಲ್ಲಿ ಸೋರುವ ದೋಣಿಗಳನ್ನು ಬೇಸಗೆಯಲ್ಲಿಯೇ ಗುರುತಿಸತಕ್ಕದ್ದು. ಸಣ್ಣ ತೂತನ್ನು ಮುಚ್ಚಬಹುದು. ತಗಡು ಉದ್ದಕ್ಕೂ ಸವೆದಿದ್ದರೆ ತೇಪೆಯಿಂದ ಪ್ರಯೋಜನವಿಲ್ಲ, ಬದಲಿಸುವದೇ ಯೋಗ್ಯ.

ಕೂಡಿಸುವ ರೀತಿ.— ಮೊದಲು ಸೂರಿನ ಹಲಗೆಯು ಗಟ್ಟಿಯಾಗಿದೆಯೋ ಇಲ್ಲವೋ ನೋಡಬೇಕು. ಬಳಿಕ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಕಟ್ಟಿ, 10 ಮೀಟರಿಗೆ 5 ಸೆಂಟಿಮೀಟರಿನಷ್ಟು ಇಳಿಜಾರು ಕೊಡಬೇಕು. ದಾರದ ಗುಂಟ ಎರಡೆರಡೂವರೆ ಅಡಿಗೊಂದು ಕಬ್ಬಿಣದ ಕೊಂಡಿ ಬಡಿಯತಕ್ಕದ್ದು. ಮೇಲಿನ ತುಂಡಿನ ತುದಿಯು ಕೆಳಗಿನ ತುಂಡಿನ ಒಳಗೆ ನಾಲ್ಕು ಬೆರಳು ಸೇರಿರಬೇಕು. ತಿರುವುಮುರುವಾದರೆ ಕೂಡಿನಲ್ಲಿ ನೀರು ಸೋರುವದು. ಹೆಂಚಿನ ಅಂಚು ದೋಣಿಯ ಒಳಗೆ ಎರಡು ಬೆರಳು ಚಾಚಿರಬೇಕು. ಕೆಲಸ ಮುಗಿದ ಮೇಲೆ ಒಂದು ಕೊಡ ನೀರು ಸುರಿದು, ಎಲ್ಲಿಯೂ ನಿಲ್ಲದೆ ಹರಿಯುವದನ್ನು ನೋಡಿಕೊಳ್ಳತಕ್ಕದ್ದು.

ಹರಿದ ನೀರಿನ ಗತಿ.— ಕೊಳವೆಯನ್ನು ಗೋಡೆಯ ಬುಡದಲ್ಲಿಯೇ ಬಿಟ್ಟರೆ ದೋಣಿ ಹಾಕಿದ ಶ್ರಮವೆಲ್ಲ ವ್ಯರ್ಥ. ಕಲ್ಲು ಹಾಸಿದ ಕಾಲುವೆಯಿಂದ ನೀರನ್ನು ಕನಿಷ್ಠ ಆರು ಅಡಿ ದೂರ ಸಾಗಿಸಬೇಕು. ಅದು ತಿಪ್ಪೆಯತ್ತಲಾಗಲಿ, ಕಾಳು, ತಂಬಾಕು ಇಟ್ಟ ಕೋಣೆಯತ್ತಲಾಗಲಿ ಹೋಗಕೂಡದು. ನಿಪ್ಪಾಣಿಯ ಸೀಮೆಯಲ್ಲಿ ಒಣಗಿಸಿಟ್ಟ ತಂಬಾಕಿಗೆ ತೇವ ತಗಲಿ ಬೂಷ್ಟು ಹಿಡಿದರೆ ವರ್ಷದ ದುಡಿಮೆಯೇ ಹಾನಿ. ಅಥಣಿಯಂಥ ಕಡಿಮೆ ಮಳೆಯ ಸೀಮೆಯಲ್ಲಿ ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಮುಂದಿನದನ್ನು ಮುಚ್ಚಿದ ತೊಟ್ಟಿಯಲ್ಲಿ ಕೂಡಿಟ್ಟರೆ ದನಕರುಗಳಿಗೂ ಬಳಕೆಗೂ ಒದಗುವದು.

ಮಣ್ಣಿನ ಮಾಳಿಗೆಯುಳ್ಳವರು ಹರನಾಳಿಗೆಯ ಬಾಯಿಯಲ್ಲಿ ಬೆಳೆದ ಹುಲ್ಲನ್ನು ಕಿತ್ತು, ಅದು ಗೋಡೆಯಿಂದ ಸಾಕಷ್ಟು ಹೊರಚಾಚಿರುವಂತೆ ಮಾಡಬೇಕು. ಈ ಕೆಲಸಗಳೆಲ್ಲ ರೋಹಿಣಿ ಮಳೆಗೆ ಮುಂಚೆಯೇ ಮುಗಿಯತಕ್ಕದ್ದು. ದೋಣಿಯ ವೆಚ್ಚವು ಬಿದ್ದ ಗೋಡೆಯನ್ನು ಮರಳಿ ಕಟ್ಟಿಸುವ ವೆಚ್ಚಕ್ಕಿಂತ ಎಷ್ಟೋ ಕಡಿಮೆಯೆಂಬುದನ್ನು ಮರೆಯಬಾರದು.