ಕೂಡಿಸಿದ ಐದು ಅಂಕ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಡಿಪ್ಲೊಮಾ ವಿದ್ಯಾರ್ಥಿನಿ. ಹೆಸರು, ಅಂಕ ಇರುವ ಸ್ಟ್ರಕ್ಟ್ ಮಾಡಿ, ಐದು ಅಂಕ ಕೂಡಿಸುವ ಫಂಕ್ಷನ್ ಬರೆದೆ. ಫಂಕ್ಷನ್ ಒಳಗೆ ಪ್ರಿಂಟ್ ಮಾಡಿದರೆ 45, ಮೇನ್‌ನಲ್ಲಿ ಮತ್ತೆ 40! ಅರೇ ಕಳಿಸಿದಾಗ ಹೀಗಾಗಿರಲಿಲ್ಲ. ಏಕೆ ಸರ್?

ಉತ್ತರ: ಫಂಕ್ಷನ್‌ಗೆ ಏನೇ ಕೊಟ್ಟರೂ ಸಿ ಭಾಷೆ ಅದರ ನಕಲನ್ನಷ್ಟೇ ಒಳಗೆ ಕಳಿಸುತ್ತದೆ. ನೀವು ಐದು ಅಂಕ ಕೂಡಿಸಿದ್ದು ಅಂಕಪಟ್ಟಿಯ ಜೆರಾಕ್ಸ್ ಪ್ರತಿಗೆ. ಫಂಕ್ಷನ್ ಮುಗಿಯಿತು, ಪ್ರತಿಯೂ ಹೋಯಿತು. ಮೂಲದಲ್ಲಿ 40 ಹಾಗೇ ಇದೆ.

ಅರೇ ಬಗ್ಗೆ ಕೇಳಿದಿರಲ್ಲ, ಅದು ಬಹಳ ಒಳ್ಳೆಯ ಗಮನಿಕೆ. ಅರೇ ಹೆಸರು ಕೊಟ್ಟರೆ ಒಳಗೆ ಹೋಗುವುದು ಅದರ ಮೊದಲ ಮನೆಯ ವಿಳಾಸ. ವಿಳಾಸವನ್ನು ಎಷ್ಟು ಸಲ ನಕಲು ಮಾಡಿದರೂ ಅದು ಮುಟ್ಟಿಸುವುದು ಅದೇ ಮನೆಗೆ. ಆದರೆ ಅದೇ ಅರೇಯನ್ನು ಸ್ಟ್ರಕ್ಟ್ ಒಳಗಿಟ್ಟು ಕಳಿಸಿ ನೋಡಿ, ಪೂರ್ತಿ ನಕಲಾಗುತ್ತದೆ! ಈ ಎರಡನ್ನೂ ಇವತ್ತೇ ಪಕ್ಕಪಕ್ಕದಲ್ಲಿ ಬರೆದು ಓಡಿಸಿ.

ಪರಿಹಾರ ಸುಲಭ: ಸ್ಟ್ರಕ್ಟ್‌ನ ವಿಳಾಸವನ್ನೇ ಕೊಡಿ. ಕರೆಯುವಾಗ ಹೆಸರಿಗೆ ಮೊದಲು & ಹಾಕಿ, ಫಂಕ್ಷನ್‌ನಲ್ಲಿ ಅದನ್ನು ಪಾಯಿಂಟರ್ ಆಗಿ ತೆಗೆದುಕೊಳ್ಳಿ. ಪಾಯಿಂಟರ್ ಹೆಸರು 'ಪಿ' ಎಂದುಕೊಂಡರೆ *ಪಿ.ಅಂಕ ಎಂದು ಬರೆದಾಗ ಕಂಪೈಲರ್ ಒಪ್ಪುವುದಿಲ್ಲ. ನಕ್ಷತ್ರಕ್ಕಿಂತ ಚುಕ್ಕಿಗೆ ಬಿಗಿ ಹೆಚ್ಚು, ಅದು ಮೊದಲು ಅಂಟಿಕೊಳ್ಳುತ್ತದೆ. (*ಪಿ).ಅಂಕ ಎಂದು ಆವರಣ ಹಾಕಬೇಕು. ಅದನ್ನೇ ಚಿಕ್ಕದಾಗಿ ಬರೆದರೆ ಪಿ->ಅಂಕ.

ಸಿ ಭಾಷೆಯ ಬಗ್ಗೆ 1978ರಲ್ಲಿ ಬಂದ ಕರ್ನಿಗನ್–ರಿಚಿ ಪುಸ್ತಕದ ಮೊದಲ ಆವೃತ್ತಿಯಲ್ಲಿ ಇಡೀ ಸ್ಟ್ರಕ್ಟನ್ನು ಫಂಕ್ಷನ್‌ಗೆ ಕಳಿಸಲು ಅವಕಾಶವೇ ಇರಲಿಲ್ಲ. ವಿಳಾಸ ಕೊಡುವುದೊಂದೇ ದಾರಿ. ಸ್ಟ್ರಕ್ಟನ್ನೂ ಪಾಯಿಂಟರನ್ನೂ ಒಟ್ಟಿಗೆ ಕಲಿಯಿರಿ ಎಂದು ನಾನು ಹೇಳುವುದು ಅದಕ್ಕೇ.

ಅಭ್ಯಾಸಕ್ಕೆ ಕೂತಾಗ ಕೀಬೋರ್ಡಿಗಿಂತ ಮೊದಲು ಪೆನ್ಸಿಲ್ ಹಿಡಿಯಿರಿ. ಒಂದೊಂದು ವೇರಿಯಬಲ್‌ಗೂ ಒಂದು ಚೌಕ, ಚೌಕದ ಮೇಲೆ 1000, 1056 ಎಂದು ಕಲ್ಪಿತ ವಿಳಾಸ. ಪಾಯಿಂಟರ್‌ನ ಚೌಕದೊಳಗೆ ಬರೆಯಬೇಕಾದ್ದು ಇನ್ನೊಂದು ಚೌಕದ ವಿಳಾಸ. 1056 ಏಕೆಂದರೆ, 50 ಅಕ್ಷರದ ಹೆಸರು, 4 ಬೈಟಿನ ಇಂಟ್ ಸೇರಿ 54 ಆಗಬೇಕಾದ ಜಾಗದಲ್ಲಿ ಸೈಜ್‌ಆಫ್ ಸಾಮಾನ್ಯವಾಗಿ 56 ತೋರಿಸುತ್ತದೆ. ಇಂಟ್ ನಾಲ್ಕರ ಗುಣಕದ ವಿಳಾಸದಲ್ಲಿ ಕೂರಲೆಂದು ಕಂಪೈಲರ್ ನಡುವೆ ಎರಡು ಬೈಟ್ ಖಾಲಿ ಬಿಡುತ್ತದೆ.

ಆಮೇಲೆ ಮೂವರು ವಿದ್ಯಾರ್ಥಿಗಳ ಅರೇ ಮಾಡಿ, ಹೆಚ್ಚು ಅಂಕ ಪಡೆದವರ ವಿಳಾಸವನ್ನು ಹಿಂದಿರುಗಿಸುವ ಫಂಕ್ಷನ್ ಬರೆಯಿರಿ. ಮೇನ್‌ನಲ್ಲಿ ಆ ವಿಳಾಸದ ಮೂಲಕವೇ ಐದು ಅಂಕ ಕೂಡಿಸಿ, ಇಡೀ ಅರೇ ಪ್ರಿಂಟ್ ಮಾಡಿ. ಒಂದು ಎಚ್ಚರ ಇರಲಿ: ಫಂಕ್ಷನ್ ಒಳಗೇ ಹುಟ್ಟಿದ ಸಾಮಾನ್ಯ ಸ್ಟ್ರಕ್ಟ್‌ನ ವಿಳಾಸವನ್ನು ಹೊರಗೆ ಕೊಡಬೇಡಿ. ಫಂಕ್ಷನ್ ಮುಗಿದ ಮೇಲೆ ಆ ವಿಳಾಸದಲ್ಲಿ ಮನೆ ಇರುವುದಿಲ್ಲ.